ನೋಂದಾಯಿತ ಮಾಲೀಕ

ಹಾಸನದ ಕ್ಯೂರಿಂಗ್ ಗೇಟಿನೊಳಗೆ, ಎಡಕ್ಕೆ,
ಲಾರಿ ತೂಗುವ ಕೋಣೆ. ಬೆನ್ನು ಉಬ್ಬಿದ ಮಾನಿಟರು,
ಅದರ ನೆತ್ತಿಗೆ ಹೋದ ಆಯುಧಪೂಜೆಯ ಕುಂಕುಮ.
ಹೊಸ ತೂಕದ ತಂತ್ರಾಂಶ ಇದರಲ್ಲಿ ಕೂರುತ್ತದೋ ಇಲ್ಲವೋ
ನೋಡಿ ಬಾ ಅಂದಿದ್ದರು. ಪೆನ್ಷನ್ ಮೊಹಲ್ಲಾದಿಂದ
ಸ್ಕೂಟಿಯಲ್ಲಿ ಬಂದೆ.

ಬಣ್ಣದ ಕಿಟಕಿಗಳನ್ನು ಕೇಳುವುದಿಲ್ಲ ನಾನು,
ಅವಕ್ಕೆ ಅಂದಚಂದದ್ದೇ ಚಿಂತೆ.
ಕಪ್ಪು ಪರದೆ ತೆರೆದು ಮೂರೇ ಅಕ್ಷರ ಕುಟ್ಟಿದೆ:
ವಿ, ಇ, ಆರ್. ಎಂಟರ್.
ಸುತ್ತು ಬಳಸಲಿಲ್ಲ, ಒಂದೇ ಸಾಲು:
ಐದು ಚುಕ್ಕಿ ಒಂದು ಚುಕ್ಕಿ ಎರಡು ಸಾವಿರದ ಆರುನೂರು.

"ಏನಂತದವ್ವ?" ಅಂದರು ಜವರಯ್ಯ.
"ವಯಸ್ಸು ಹೇಳ್ತಾ ಇದೆ."
"ಕಮ್ಮಿ ಮಾಡಿ ಹೇಳ್ತದಾ, ನಮ್ ಹೆಂಗೆ?"
"ಇಲ್ಲ. ಕೇಳೋಕೆ ಬಂದರೆ ನಿಜಾನೇ ಹೇಳುತ್ತೆ."

ಅಷ್ಟೇ ಸಾಕಿತ್ತು. ಆದರೂ ಚಟ,
ಇನ್ನೂ ಉದ್ದದ ಪ್ರಶ್ನೆಯೊಂದನ್ನು ಕೇಳಿದೆ.
ಸ್ವಲ್ಪ ಹೊತ್ತು ಏದುಸಿರು ಬಿಟ್ಟು
ಸಾಲಿನ ಮೇಲೆ ಸಾಲು ಕಕ್ಕಿತು.
ಕೂರಿಸಿದ ದಿನ: ಇಪ್ಪತ್ತೊಂದು ನವೆಂಬರ್, ಎರಡು ಸಾವಿರದ ಆರು.
ನಾನಾಗ ಏಳರ ಮಗ್ಗಿಯಲ್ಲಿ ಸಿಕ್ಕಿಬಿದ್ದಿದ್ದೆ.
ನೋಂದಾಯಿತ ಮಾಲೀಕ: ಜವರಯ್ಯ.

ಓದಿ ಹೇಳಿದೆ. ಅವರು ನಗಲಿಲ್ಲ.
ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು,
"ಟೀ ತಂದಿದ್ದೆ ಅವತ್ತು. ಕಾಫಿ ಕ್ಯೂರಿಂಗಲ್ಲಿ
ಎಲ್ಲಾರೂ ಕುಡಿಯೋದು ಟೀನೇ.
ಯಾರ್ದಾನಾ ಒಂದು ಹೆಸರು ಬೇಕಂತೆ ಇದಕ್ಕೆ,
ನಿಂದೇನಯ್ಯ ಅಂದ, ಕೂರಿಸೋಕೆ ಬಂದೋನು."

ಆಮೇಲೆ ಎರಡು ಸಲ ಧಣಿಗಳು ಬದಲಾದರು,
ಬೋರ್ಡನ್ನು ಕೆರೆದು ಹೊಸ ಹೆಸರು ಬರೆಸಿದರು.
ಈ ಪೆಟ್ಟಿಗೆಗೆ ಯಾರೂ ತಿಳಿಸಲಿಲ್ಲ.

ಹೊರಗೆ ಸಕಲೇಶಪುರದ ಲಾರಿ ಹಾರನ್ ಹೊಡೆಯಿತು.
ಅಂಕಿ ನಿಲ್ಲುತ್ತಿಲ್ಲ, ಹತ್ತು ಕಿಲೋ ಆಚೆ, ಹತ್ತು ಈಚೆ.
ಕ್ಲೀನರು ಮೂಟೆ ಮೇಲೆ ಕೂತು ಫೋನಿನಲ್ಲಿದ್ದಾನೆ.
"ಇಳಿಯೋ ಕೆಳಕ್ಕೆ!" ಎಂದು ಕೂಗಿ, ಚೀಟಿ ಹರಿದು ಕೊಟ್ಟು ಬಂದು,
"ಹೊಸದೂ ಹೆಸರು ಕೇಳ್ತದಾ?"
"ಕೇಳುತ್ತೆ. ಸೋಮವಾರ ಬರುತ್ತೆ. ನಿಮ್ದೇ ಹಾಕ್ಲಾ?"

ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದಳು,
ಕಾಳು ಆಯುವ ಸಾಲಿಗೆ ಹೊಸದಾಗಿ ಸೇರಿದವಳು,
ಅಸ್ಸಾಮಿನವಳು, "ಬಿಸಿ ಇದೆ" ಎಂಬಷ್ಟು ಕನ್ನಡ.
"ಅವಳ್ನ ಕೇಳವ್ವ," ಅಂದರು.

ಜುನಾಲಿ ಅಂದಳು.
ತೂಕದ ಚೀಟಿಯ ಬೆನ್ನಿಗೆ ಬರೆದುಕೊಂಡೆ.
ದಾರಿಯಲ್ಲಿ, ಎನ್.ಆರ್. ಸರ್ಕಲ್ಲಿನ ಕೆಂಪು ದೀಪಕ್ಕೆ ನಿಂತಾಗ ಹೊಳೆಯಿತು:
ಕೊನೆಯ ಅಕ್ಷರ ಹ್ರಸ್ವವೋ ದೀರ್ಘವೋ
ಕೇಳಲೇ ಇಲ್ಲ.