ನೀಲಿಯಲ್ಲಿ ಮೂರು

ಮೊದಲ ಡಬ್ಬಿಯಲ್ಲಿ ಬರೀ ಉಗುಳಿತ್ತು.
"ಇದಲ್ಲಮ್ಮ, ಕಫ ಬೇಕು. ಎದೆಯ ತಳದ್ದು.
ನಾಳೆ ಎದ್ದ ಕೂಡಲೆ, ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು."
"ಎದ್ದ ಕೂಡಲೆ ಅಂದ್ರೆ ರಾತ್ರಿ ಎರಡಕ್ಕೇನ್ರಿ?
ಭಟ್ಟಿ ಹಚ್ಚೋದೇ ಆವಾಗ" ಎಂದಳು ಜೈತುನ್‌ಬಿ.

ಮಂಡಕ್ಕಿ ಭಟ್ಟಿಯ ಓಣಿಗಳಲ್ಲಿ
ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ.
ತಗಡು ಕಪ್ಪು, ಗೋಡೆ ಕಪ್ಪು, ಒಣಹಾಕಿದ ಲಂಗ ಕಪ್ಪು,
ಅಕ್ಕಿಯೊಂದೇ ಬೆಳ್ಳಗೆ ಹೊರಗೆ ಬೀಳುತ್ತದೆ.
ಟೈರು ಸುಟ್ಟರೂ ಕೆಮ್ಮು, ಹೊಟ್ಟು ಸುಟ್ಟರೂ ಕೆಮ್ಮು,
ಅವಳ ಅತ್ತೆಯೂ ಕೆಮ್ಮುತ್ತಲೇ ಸೊಸೆಯನ್ನು ನೋಡಲು ಬಂದಿದ್ದಳಂತೆ.
ಹೀಗೆ ಎಲ್ಲರೂ ಕೆಮ್ಮುವ ಕಡೆ
ಒಂದು ಕೆಮ್ಮಿಗೆ ಅಡಗಿಕೊಳ್ಳಲು ಎಷ್ಟು ಜಾಗ!

ಯಂತ್ರದ ಕಾರ್ಟ್ರಿಡ್ಜು ಮುಗಿದ ವಾರ ಅದು.
ಹಳೆಯ ದಾರಿಯೇ ಗತಿ:
ಗಾಜಿನ ಮೇಲೆ ಕಫ ಸವರಿ, ಕೆಂಪು ಸುರಿದು,
ಕೆಳಗೆ ಸ್ಪಿರಿಟ್ ದೀಪ ಆಡಿಸುತ್ತಿದ್ದೆ.
ಆವಿ ಏಳಬೇಕು, ಕುದಿಯಬಾರದು.
ಬಾಗಿಲಾಚೆಯ ಬೆಂಚಿನಿಂದ ಅವಳು:
"ಉರಿ ಜಾಸ್ತಿ ಆತು ಮೇಡಮ್ಮಾರೆ, ಸೀದೀತು."
ಸಿಟ್ಟು ಬಂತು. ದೀಪ ಸರಿಸಿದೆ.
ಅವಳು ಹೇಳಿದ್ದು ಸರಿಯಿತ್ತು.

ಆಸಿಡ್ಡು ತೊಳೆದರೆ ಉಳಿದವರೆಲ್ಲ ಬಣ್ಣ ಬಿಡುತ್ತಾರೆ,
ಇವನೊಬ್ಬ ಮೇಣದ ಅಂಗಿಯವನು ಬಿಡುವುದಿಲ್ಲ,
ಹಟವೇ ಅವನ ಗುರುತು.
ಮೇಲೆ ನೀಲಿ. ಒಂದು ತೊಟ್ಟು ಎಣ್ಣೆ. ಕಣ್ಣು.

ನೂರು ಫೀಲ್ಡು ನೋಡಬೇಕು, ನಿಯಮ.
ಇಪ್ಪತ್ತು, ಮೂವತ್ತು, ಬರೀ ನೀಲಿ.
ಕರೆಂಟು ಹೋಯಿತು, ಬಂತು.
ನಲವತ್ತೊಂದೋ ನಲವತ್ತೆರಡೋ, ಮರೆತೆ,
ಮೊದಲಿಂದ ಎಣಿಸಿದೆ, ಬಯ್ದುಕೊಳ್ಳುತ್ತ.
ಅರವತ್ತೇಳರಲ್ಲಿ ಒಂದು ಕೆಂಪು ಗೀರು.
ಕಸವಿರಬಹುದು ಅಂದುಕೊಂಡೆ.
ಎಂಬತ್ತೆಂಟರಲ್ಲಿ ಇನ್ನೊಂದು, ತುಸು ಬಾಗಿದ್ದು.
ತೊಂಬತ್ತಾರರಲ್ಲಿ ಮತ್ತೊಂದು.
ಅರವತ್ತಕ್ಕೆ ಕೈಬಿಟ್ಟು ಚಹಾಕ್ಕೆ ಎದ್ದಿದ್ದರೆ
ಅವಳು ಹೊಗೆಯ ಕೆಮ್ಮಿನವಳಾಗಿಯೇ
ಆ ಮೆಟ್ಟಿಲು ಇಳಿಯುತ್ತಿದ್ದಳು.
ಎಷ್ಟು ಸಲ ಎದ್ದಿದ್ದೇನೋ, ಆ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಹತ್ತಕ್ಕಿಂತ ಕಡಿಮೆ ಇದ್ದರೆ ಸಂಖ್ಯೆಯನ್ನೇ ಬರೆಯಬೇಕು.
ಕೆಂಪು ಶಾಯಿಯಲ್ಲಿ ಬರೆದೆ: 3.

ಅಂದು ಸಂಜೆ ಮನೆಯಲ್ಲಿ
ತಂಗಿ ಮಂಡಕ್ಕಿ ಕಲಸಿ ಮುಂದಿಟ್ಟಳು, ಜೊತೆಗೆ ಮಿರ್ಚಿ.
ಅದು ಗಾಳಿಯಲ್ಲಿ ಬರುವುದು, ಅನ್ನದಲ್ಲಲ್ಲ;
ದಿನಕ್ಕೆ ಹತ್ತು ಜನಕ್ಕೆ ನಾನೇ ಹೇಳುವ ಮಾತು.
ಆದರೂ ಕೈ ತಟ್ಟೆಯ ಅಂಚಿನಲ್ಲಿ ನಿಂತಿತು.
ನಿಂತಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ,
ಇದೂ ಒಂದು ರಿಪೋರ್ಟು.
ಆಮೇಲೆ ತಿಂದೆ. ತಣ್ಣಗಾಗಿ ಮೆತ್ತಗಾಗಿತ್ತು.

ಆರು ತಿಂಗಳ ಗುಳಿಗೆ.
"ಉಚ್ಚೆ ಕೆಂಪಾದರೆ ಹೆದರಬೇಡ, ಅದು ಔಷಧಿಯ ಬಣ್ಣ"
ಎಂದು ನರ್ಸ್ ನೀಲವ್ವ ಜೋರಾಗಿಯೇ ಹೇಳಿದಳು.
ಸಾಲಿನಲ್ಲಿದ್ದ ಗಂಡಸರು ನಕ್ಕರು, ಜೈತುನ್‌ಬಿ ನಗಲಿಲ್ಲ.
ಭಟ್ಟಿ ಮಾಲೀಕನಿಗೆ 'ಪಿತ್ತ' ಎಂದು ಹೇಳಿದಳಂತೆ.
ಪಕ್ಕದಲ್ಲಿ ಮಲಗುವ ಮೊಮ್ಮಗನನ್ನೂ ಕರೆಸಿದೆವು,
ಎಕ್ಸ್‌ರೇ ಕೋಣೆಯಲ್ಲಿ ಉಸಿರು ಹಿಡಿಯೆಂದರೆ
ಕೆನ್ನೆ ಉಬ್ಬಿಸಿ ನಿಂತ.

ಎರಡು ತಿಂಗಳಿಗೆ ಮತ್ತೆ ಡಬ್ಬಿ ತಂದಳು.
ನೂರೂ ಫೀಲ್ಡು ನೀಲಿ.
ಇಲ್ಲದ್ದನ್ನು ಇಲ್ಲ ಎಂದು ಹೇಳಲೂ
ಅಷ್ಟೇ ಹೊತ್ತು ಹಿಡಿಯುತ್ತದೆ.
"ಹಂಗಾದ್ರೆ ಗುಳಿಗಿ ಸಾಕೇನ್ರಿ? ಮೈ ತುಂಬೈತಿ, ಹಸಿವು ಬಂದೈತಿ."
"ಭಟ್ಟಿ ಆರಿಸಿದ ಮೇಲೆ ಮರಳಿಗೆ ಕೈ ಹಾಕ್ತೀಯೇನು?"
"ಯಾರ್ ಹಾಕ್ತಾರ್ರೀ? ಒಳಗ ಕೆಂಡದಂಗಿರ್ತೈತಿ."
ಅಂದವಳು ಅಲ್ಲೇ ನಿಂತಳು, ತನ್ನ ಮಾತನ್ನೇ ಕೇಳಿಸಿಕೊಂಡವಳಂತೆ,
ಗುಳಿಗೆಯ ಪಟ್ಟಿ ಸೆರಗಿನ ತುದಿಗೆ ಕಟ್ಟಿದಳು.

ನಕ್ಕಳು. ನಗು ಕೆಮ್ಮಾಯಿತು,
ಒಣ ಕೆಮ್ಮು, ಉದ್ದ, ಬಾಗಿಲ ಚೌಕಟ್ಟು ಹಿಡಿಯುವಷ್ಟು.
"ಹೆದರಬ್ಯಾಡ್ರಿ, ಇದು ಹೊಗೀದು" ಎಂದಳು,
ಹಳೆಯ ನೆಂಟನನ್ನು ಪರಿಚಯಿಸುವ ಹಾಗೆ.

ನನ್ನ ಕಪಾಟಿನಲ್ಲಿ ಕೆಂಪಿದೆ, ನೀಲಿಯಿದೆ,
ಅದಕ್ಕೆ ಹಾಕಲು ಯಾವ ಬಣ್ಣವೂ ಇಲ್ಲ.