ನೂರಿಪ್ಪತ್ತು

ನಾಡಿ ನೂರಿಪ್ಪತ್ತು ದಾಟಿದರೆ ತಡಮಾಡಬೇಡಿ, ಬನ್ನಿ
ಎಂದಿದ್ದಳು ನರ್ಸ್ ಮಿರ್ತಾ, ಕೆಂಪು ಪೆನ್ನಿನಲ್ಲಿ ಬರೆದು
ಚೀಟಿಯನ್ನು ನನ್ನ ಅಂಗಿಜೇಬಿಗೆ ತಾನೇ ತುರುಕಿ.
ಸರಿ ಎಂದೆ. ಆದರೆ ವಾಲ್ಪರೈಸೊದಲ್ಲಿ ನನ್ನ ಮನೆ
ನೂರ ಅರವತ್ತೆರಡು ಮೆಟ್ಟಿಲ ಮೇಲಿದೆ.
ಗುಡ್ಡ ಹತ್ತಿಸುವ ಹಳೆಯ ಲಿಫ್ಟು ಕೆಟ್ಟು ಎರಡು ವರ್ಷ.
ಎಂಬತ್ತನೆಯ ಮೆಟ್ಟಿಲಲ್ಲಿ ಕೂತು
ಕತ್ತಿನ ಪಕ್ಕ ಬೆರಳಿಟ್ಟರೆ
ನೂರ ಹದಿನೆಂಟು.
ಇದು ಮೆಟ್ಟಿಲೋ, ಹೊಲಿಗೆಯೋ?
ಕೇಳೋಣವೆಂದರೆ ಅಲ್ಲಿ ಇದ್ದದ್ದು ಒಂದು ಬೀದಿನಾಯಿ.

ಇಪ್ಪತ್ತೇಳು ವರ್ಷ ಬ್ರೆಡ್ಡು ಬೇಯಿಸಿದವನು ನಾನು.
ನೂರ ಐವತ್ತೆಂಟು ಕಿಲೋ. ಮಂಡಿಯೆರಡೂ ಸವೆದು
ಒಲೆಯ ಬಾಯಿಗೆ ಬಗ್ಗಿದರೆ ಎಬ್ಬಿಸಲು ಮಗಳು ಬೇಕಿತ್ತು.
ಹೊಟ್ಟೆಯ ಮುಕ್ಕಾಲು ಪಾಲು ತೆಗೆದು
ಉಳಿದದ್ದನ್ನು ಬಾಳೆಕಾಯಿಯಷ್ಟು ಮಾಡಿ
ಉದ್ದಕ್ಕೂ ಪಿನ್ನು ಹೊಡೆದು ಮುಚ್ಚುತ್ತೇವೆ
ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದಾಗ
ನಾನು ನೋಡಿದ್ದು ಅಂಚನ್ನು ಮಾತ್ರ.
ಕಣಕದ ಅಂಚು ಒತ್ತುವವನಿಗೆ ಗೊತ್ತು:
ಎಷ್ಟೇ ಒತ್ತಿರಲಿ, ಒಲೆಯೊಳಗೆ ಹೋದ ಮೇಲೆ
ಯಾವುದೋ ಒಂದು ತನಗೆ ಬೇಕಾದಲ್ಲಿ ಬಾಯಿ ಬಿಡುತ್ತದೆ.
ನೂರಕ್ಕೆ ಒಂದು, ಎಂದರು ಡಾಕ್ಟರು, ನಾನು ಕೇಳದೆಯೇ.
ರಾತ್ರಿಗೆ ಎರಡು ಸಾವಿರ ಬೇಯಿಸುವ ನಾನು
ಇಪ್ಪತ್ತು, ಎಂದು ಬಾಯಿಲೆಕ್ಕ ಮಾಡಿ
ಸಹಿ ಹಾಕಿದೆ.

ಕಾಲು ಗಂಟೆಗೊಮ್ಮೆ ಎರಡು ಚಮಚ ನೀರು.
ಒರ್ಫೆಲಿನಾ ಅಲಾರಂ ಇಟ್ಟುಕೊಂಡು ಕೊಡುತ್ತಾಳೆ,
ಹಕ್ಕಿಮರಿಗೆ ಗುಟುಕು ಕೊಟ್ಟಂತೆ, ಬೈದುಕೊಂಡು.
ನೀರಿಗೆ ಇಷ್ಟು ರುಚಿಯಿದೆಯೆಂದು
ಐವತ್ತೊಂದು ವರ್ಷ ನನಗೆ ತಿಳಿದಿರಲಿಲ್ಲ.
ಆರನೆಯ ದಿನ
(ಆಗ ಯಾರಿಗೂ ಹೇಳಲಿಲ್ಲ)
ಯಾಸ್ನಾ ಬೇಕರಿಯಿಂದ ಬಂದು ಕೋಟು ಬಿಚ್ಚಿಟ್ಟಾಗ
ತೋಳಿನ ಮಡಿಕೆಯಲ್ಲಿ ಬ್ರೆಡ್ಡಿನ ಒಂದು ಚೂರು,
ಉಗುರಿನಷ್ಟೂ ಇಲ್ಲ.
ನಾಲಿಗೆಯ ಮೇಲಿಟ್ಟುಕೊಂಡೆ.
ಕರಗುವ ತನಕ ಕಾದೆ. ನುಂಗಿದೆ.

ಎಂಟನೆಯ ರಾತ್ರಿ ಎಡಭುಜ ನೋಯತೊಡಗಿತು.
ಹೊಟ್ಟೆ ಕೊಯ್ಸಿಕೊಂಡವನಿಗೆ ಭುಜವೇಕೆ ನೋಯಬೇಕು?
ಮಲಗಿದ್ದು ಸರಿಯಿಲ್ಲ, ಎಂದಳು ಒರ್ಫೆಲಿನಾ.
ಗಾಳಿ ಹಿಡಿದಿದೆ, ಎಂದು ಅತ್ತೆ ಎಣ್ಣೆ ಕಾಯಿಸಲು ಹೋದಳು.
ಚಳಿ ಬಂತು, ಹಿಂದೆಯೇ ಜ್ವರ.
ಈಗ ಮೆಟ್ಟಿಲಿನ ನೆಪವೂ ಇಲ್ಲ, ಹಾಸಿಗೆಯಲ್ಲೇ ಇದ್ದೇನೆ,
ನೂರ ಮೂವತ್ತನಾಲ್ಕು.
ಗ್ಯಾಸ್ ಸಿಲಿಂಡರ್ ಹೊರುವ ಲಾಲೋ, ಅವನ ತಮ್ಮ, ಇನ್ನಿಬ್ಬರು
ಊಟದ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು.
ಹೋದ ತಿಂಗಳಾಗಿದ್ದರೆ ಐವರು ಬೇಕಾಗುತ್ತಿತ್ತು
ಎಂದ ಲಾಲೋ, ಏದುಸಿರಿನ ನಡುವೆ, ಹೊಗಳಿಕೆಯೆಂಬಂತೆ.
ಬಂದರಿನ ಕ್ರೇನುಗಳ ದೀಪ ಪ್ರತಿ ತಿರುವಿನಲ್ಲೂ
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಆಸ್ಪತ್ರೆಯಲ್ಲಿ ಕುಡಿಯಲು ಕೊಟ್ಟರು ನೀಲಿ ನೀರು,
ಶಾಯಿಯಂಥ ನೀಲಿ.
ಪಕ್ಕೆಗೆ ತೂರಿಸಿದ ಕೊಳವೆಯ ತುದಿಗೆ ಗಾಜಿನಂಥ ಬುಡ್ಡಿ.
ಕುಡಿದ ಬಣ್ಣ ಅಲ್ಲಿ ಕಾಣಬಾರದು.
ಅಷ್ಟೇ ಪರೀಕ್ಷೆ.
ಮಿರ್ತಾ ಬುಡ್ಡಿಯನ್ನು ನೋಡುತ್ತಿದ್ದಳು,
ನಾನು ಮಿರ್ತಾಳ ಮುಖವನ್ನು.
ತಡೆಯಲಾಗದೆ ಆ ಚೂರಿನ ಸಂಗತಿ
ಬಾಯಿ ಬಿಟ್ಟೆ.
ಅಷ್ಟಕ್ಕೆಲ್ಲ ಬಿಡುವುದಲ್ಲ ಅದು, ಎಂದಳು ಕಣ್ಣು ಕೀಳದೆ,
ಬಿಡುವುದಿದ್ದರೆ ಸುಮ್ಮಸುಮ್ಮನೆ ಬಿಡುತ್ತದೆ.
ನಾನು ನಂಬಲಿಲ್ಲ.
ನಂಬಿದ್ದರೆ ಇನ್ನೂ ಹೆದರುತ್ತಿದ್ದೆ.

ಆಮೇಲೆ ಅವಳು ಏನೂ ಹೇಳದೆ
ಡಾಕ್ಟರನ್ನು ಕರೆಯಲು ಹೋದಳು, ಓಡಲಿಲ್ಲ,
ಓಡದಿರಲು ಕಷ್ಟಪಡುವವರ ನಡಿಗೆಯಲ್ಲಿ.
ತಲೆಯೆತ್ತಿ ನೋಡಿದೆ.
ಬುಡ್ಡಿಯ ತಳದಲ್ಲಿ ಒಂದು ಎಳೆ,
ಯಾಸ್ನಾ ಎರಡನೆಯ ಕ್ಲಾಸಿನಲ್ಲಿದ್ದಾಗ
ಶಾಲೆಯ ಬಿಳಿ ಅಂಗಿಯ ಜೇಬಿನಲ್ಲಿ
ಪೆನ್ನು ಸೋರಿಸಿಕೊಂಡು ಬಂದಿದ್ದಳಲ್ಲ, ಅಷ್ಟೇ ಅಗಲ.
ಅವತ್ತು ಅವಳಿಗೆ ಎಷ್ಟು ಬೈದಿದ್ದೆ.