ಬುಧವಾರ, ಹನ್ನೆರಡೂ ಕಾಲು

ಆಲ್ಸ್‌ಮೇರಿನ ಹೂವಿನ ಗೋದಾಮಿನಲ್ಲಿ
ಮೂರನೇ ಶೀತಲಗೃಹದ ಮಗ್ಗುಲಿಗೆ
ಖಾಲಿ ಬಕೆಟ್ಟು ಪೇರಿಸಿಡುವ ಒಂದು ಕೋಣೆ.
ಅದರ ಬೀಗದಕೈ ನನ್ನ ಹತ್ತಿರ.

ಮೊದಲ ಸಲ ಸೇರಿದಾಗ ನಾವು ನಾಲ್ಕೇ ಜನ.
ಜೊತೆಗೆ ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು.
ಬೇರೆಯವರಿಗೆ ಕೇಳಿಸದು; ನಮಗೆ ಅದು
ಐದನೆಯ ಸದಸ್ಯ, ಮಹಾ ವಾಚಾಳಿ.
ಮೊದಲ ನಿರ್ಣಯವೇ ಅವನ ಉಚ್ಚಾಟನೆ.
ಹಾರ್ಮೆನ್ ಏಣಿ ಹತ್ತಿ ಕೊಳವೆ ಬಿಚ್ಚಿದ.
ಸರ್ವಾನುಮತ.

ಗೋಡೆಗೆ ಮುಖ ಮಾಡಿ ಕೂತರೂ ಹಾಜರಿ.
ಬಾಯಿ ತೆರೆಯದಿದ್ದರೂ ಹಾಜರಿ.
ತೆರೆದ ಬಾಯಿ ಮುಚ್ಚಲಾಗದಿದ್ದರೆ
ನೆಲ್ಲೆಕೆ ಮರಳುಗಡಿಯಾರ ತಿರುವಿಡುತ್ತಾಳೆ,
ಮೊಮ್ಮಗ ಹಲ್ಲುಜ್ಜುವಾಗ ಇಡುತ್ತಿದ್ದದ್ದು.
ಹೆಚ್ಚಾಗಿ ಅದು ತಿರುಗುವುದು ನನಗಾಗಿಯೇ.

ಐವತ್ತೆರಡಕ್ಕೆ ನನ್ನ ಕೈಗೆ ಕಾಗದ ಬಂತು,
ನನ್ನ ಹೆಸರಿನ ಮುಂದೆ ಒಂದು ಹೊಸ ಪದ.
ಅಲ್ಲಿಯ ತನಕ ಇದ್ದವು ಬೇರೆ:
ಹಟಮಾರಿ, ಒರಟಿ,
ಎಲ್ಲೂ ಮೂರು ವರ್ಷ ನಿಲ್ಲದವಳು.
ಜರ್ಬೆರಾ ಸಾಲುಗಳ ನಡುವೆ ಗಾಡಿ ನಿಲ್ಲಿಸಿ
ಆ ಕಾಗದವನ್ನು ಮಡಚಿ ಮಡಚಿ
ಅಂಚೆಚೀಟಿಯಷ್ಟು ಮಾಡಿದೆ.

ಹಯಸಿಂತ್ ಬರುವ ವಾರ ಟ್ಯೂನ್‌ಗೆ ಕಷ್ಟ.
ನಿಮಗದು ಪರಿಮಳ, ಅವನಿಗೆ ಕಪಾಳಮೋಕ್ಷ.
ಹತ್ತೊಂಬತ್ತರ ಹುಡುಗ, ಕಪಾಟುಗಳ ನಂಬರೆಲ್ಲ ಬಾಯಿಪಾಠ,
ಲಾರಿಗಳ ಹಿಂದೆ ಕೂತು ಓಕರಿಸುತ್ತಿದ್ದ.
ಹೂವು ಸೇರದವನಿಗೆ ಹೂವಿನ ಕೆಲಸ ಯಾಕೆ, ಅಂದರು.
ಗುಂಪಿನಿಂದ ಎರಡು ಸಾಲಿನ ಪತ್ರ ಹೋಯಿತು:
ಆ ವಾರ ಅವನನ್ನು ಜರೀಗಿಡದ ಕಡೆಗೆ ಹಾಕಿ.
ಉತ್ತರ ಇಲ್ಲ.
ಎರಡನೆಯ ಪತ್ರಕ್ಕೆ ಒಂದು ಸಮೀಕ್ಷೆ ಬಂತು.
ಮೂರನೆಯದನ್ನು ಕೈಯಲ್ಲೇ ಹಿಡಿದು
ಹಾರ್ಮೆನ್ ಮೇಲ್ವಿಚಾರಕರ ಮೇಜಿನೆದುರು ನಿಂತ.
ಹೊಸಬರ ಮುಂದೆ ಅವನಿಗೆ ಮಾತು ಹೊರಡದು.
ನಲವತ್ತು ನಿಮಿಷ ನಿಂತ.
ಅವನ ಊಟದ ಬಿಡುವು ಮೂವತ್ತೇ.

ಟ್ಯೂನ್ ಈಗ ಜರೀಗಿಡದ ಕಡೆ ಇದ್ದಾನೆ.

ಆಮೇಲೆ ಕಚೇರಿಯಿಂದ ಕ್ಯಾಮೆರಾ ಹಿಡಿದು ಒಬ್ಬಳು ಬಂದಳು.
ಎಲ್ಲರೂ ಸ್ವಲ್ಪ ನಗಿ, ಭಿತ್ತಿಪತ್ರಕ್ಕೆ;
ಬಗೆಬಗೆಯ ಹೂವು, ಒಂದೇ ಹೂದಾನಿ ಅಂತ ಬರೆಯುತ್ತೇವೆ.
ಒಳ್ಳೆಯವಳೇ. ಬಿಸ್ಕತ್ತೂ ತಂದಿದ್ದಳು.
ನೆಲ್ಲೆಕೆ ಸದ್ದಿಲ್ಲದೆ ಗಡಿಯಾರ ತಿರುವಿ
ಅವಳೆದುರಿಗಿಟ್ಟಳು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಹೋಗಲಿ. ನಾವು ಸ್ವರ್ಗ ಕೇಳಿರಲಿಲ್ಲ,
ಹೂವು ಯಾರು ನಾರು ಯಾರು ಅಂತಲೂ ಕೇಳಿರಲಿಲ್ಲ.
ಕೇಳಿದ್ದು, ಲಾರಿಬಾಗಿಲ ಸೈರನ್ ತೆಗೆದು
ಅಲ್ಲೊಂದು ಹಳದಿ ದೀಪ.
ನಾಳೆಯ ಪಾಳಿ ಬದಲಾದರೆ ಇವತ್ತೇ ಒಂದು ಮಾತು.

ದೀಪ ಬಂದದ್ದು ಮಾರ್ಚಿಯಲ್ಲಿ.
ಶೂರ್ಡ್ ಡಿಸೆಂಬರಿನಲ್ಲೇ ಬಿಟ್ಟುಹೋದ.
ಅವನು ಕೂರುತ್ತಿದ್ದ ಬಕೆಟ್ಟನ್ನು
ಯಾರೂ ಮಗುಚಿಟ್ಟಿಲ್ಲ, ಯಾರೂ ಕೂರುವುದಿಲ್ಲ.
ಹಾಗಂತ ನಿರ್ಣಯವೇನೂ ಆಗಿಲ್ಲ.

ಈ ಬುಧವಾರ ಏಳು ಜನ.
ಏಳನೆಯವರು ಒಳಗೆ ಬಂದಿಲ್ಲ,
ಅರೆತೆರೆದ ಬಾಗಿಲಾಚೆ ನಿಂತಿದ್ದಾರೆ,
ಕಾಣುವುದು ಹಸಿರು ಲೇಸಿನ ಒಂದು ಬೂಟು ಅಷ್ಟೇ.
ಯಾರೂ ಕರೆಯಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.
ಹೆಸರು ಗೊತ್ತಾಗುವ ತನಕ ಇರಲೆಂದು
ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ:
ಬೂಟು, ಬಂದಿದೆ.